ಏ.ಸಿ. ನೀರಿನ ಬೆಳೆ

ಮೊಟ್ಟೆ ಮೀನು ನಾರುತ್ತದೆ ಎಂದು
ಮೊಮ್ಮಕ್ಕಳು ತಟ್ಟೆ ತಳ್ಳಿದ ದಿನ ಇದು ಶುರುವಾಯಿತು.
ನಾರದೆ ಇನ್ನೇನು? ಸಹಮ್‌ನ ಕಡಲಂಚಿನಲ್ಲಿ ಒಣಗಿಸಿದ
ಬೂತಾಯಿಯನ್ನೇ ತಿಂದೂ ತಿಂದೂ
ಹಿತ್ತಲ ಹದಿನಾಲ್ಕು ಕೋಳಿಗಳೂ
ಅರ್ಧ ಮೀನಾಗಿಬಿಟ್ಟಿದ್ದವು.

"ಬೂವಬ್ಬ," ಎಂದರು ಮಾಮಾ ಝುವೈನಾ.
ಅವರ ನಾಲಿಗೆಯಲ್ಲಿ ಪಕಾರವಿಲ್ಲ,
ಆರು ವರ್ಷದಿಂದ ನಾನು ಪೂವಪ್ಪನಲ್ಲ.
"ಶಈರ್ ತಾ. ಒಂದು ಮೂಟೆ."
ಶಈರ್ ಎಂದರೆ ಬಾರ್ಲಿ. ಕಾರು ಓಡಿಸುವವನಿಗೆ
ಅಂದಿನಿಂದ ಬೇಸಾಯವೂ ಸೇರಿತು.
ಸಂಬಳ ಅಷ್ಟೇ.

ಹೊರಗೆ ನಲವತ್ತೇಳು ಡಿಗ್ರಿ. ಟ್ಯಾಂಕಿಯ ನೀರಲ್ಲಿ
ನೆನೆಹಾಕಿದ ಮೊದಲ ಕಾಳು
ಮೊಳೆಯಲಿಲ್ಲ, ಬೆಂದಿತು.
ಎರಡನೆಯದು ಮೊಳೆಯಿತು. ಮೂರನೇ ದಿನ
ಬಿಳಿ ಗಡ್ಡ ಬಿಟ್ಟುಕೊಂಡು ಕೂತಿತು:
ಬೂಷ್ಟು. ಹುಳಿ ಹೆಂಡದ ವಾಸನೆ.
ಆ ವಾಸನೆ ನನಗೆ ಗೊತ್ತು ಎಂದು
ಈ ಮನೆಯಲ್ಲಿ ಹೇಳುವಂತಿಲ್ಲ.
ಕತ್ತಲಾದ ಮೇಲೆ ಚೀಲ ಕಟ್ಟಿ ಕಸಕ್ಕೆ ಹಾಕಿ ಬಂದೆ.

ಆಮೇಲೆ ಕಂಡದ್ದು
ಮಜ್ಲಿಸಿನ ಕಿಟಕಿಯ ಕೆಳಗೆ
ಹಗಲೂ ರಾತ್ರಿ ತೊಟ್ಟಿಕ್ಕುವ ಏ.ಸಿ.
ಬಕೆಟ್ಟು ಇಟ್ಟೆ. ಬೆಳಗಿನ ಬಾಂಗಿಗೆ ಮುಂಚೆ ತುಂಬಿತು.
ವರ್ಷಕ್ಕೆರಡು ಮಳೆ ಕಾಣದ ಊರಿನ ಗಾಳಿ
ಇಷ್ಟು ನೀರನ್ನು ಎಲ್ಲಿ ಬಚ್ಚಿಟ್ಟುಕೊಂಡಿತ್ತು?
ಬೆರಳು ಅದ್ದಿದೆ. ತಣ್ಣಗಿತ್ತು.

ಯಾರೂ ಬಳಸದ ಹೊರಗಿನ ಬಚ್ಚಲು ನನ್ನ ಹೊಲ.
ಬೇಕರಿಯ ಹಳೆ ಟ್ರೇಗೆ
ಕಾಯಿಸಿದ ಮೊಳೆಯಿಂದ ತೂತು ಹೊಡೆದೆ,
ಮೊಳೆಗಾಗಿ ಮೊಳೆ.
ಒಂದು ರಾತ್ರಿ ನೆನೆ, ಒಂದು ಹಗಲು ಗೋಣಿ ಹೊದೆ.
ಬೆರಳ ದಪ್ಪಕ್ಕಿಂತ ಹೆಚ್ಚು ಹರಡಬೇಡ,
ದುರಾಸೆಗೆ ಮೊದಲು ಬರುವುದು ಬೂಷ್ಟೇ.
ಮೂರಕ್ಕೆ ಬಿಳಿ ಬೇರು. ನಾಲ್ಕಕ್ಕೆ ಬೇರಿಗೆ ಬೇರು
ಕೈ ಕೊಟ್ಟು ಚಾಪೆ. ಐದಕ್ಕೆ ಹಳದಿ ಮುಳ್ಳು.
ಆರರಂದು ವೀಸಾ ಕಚೇರಿಯ ಸಾಲಲ್ಲಿ ನಿಂತಿದ್ದೆ, ನೋಡಲಾಗಲಿಲ್ಲ.
ಏಳಕ್ಕೆ ಬಾಗಿಲು ತೆರೆದರೆ
ಮಣ್ಣನ್ನೇ ಮುಟ್ಟದ ಚೋಟುದ್ದ ಹಸಿರು.

ಚಪ್ಪಲಿ ಬಿಟ್ಟೆ. ಯಾಕೆಂದು ಕೇಳಬೇಡಿ.
ಬಲಗಾಲು ಮಾತ್ರ, ಟ್ರೇ ಇದ್ದದ್ದೇ ಅಷ್ಟು.
ಆಕ್ಸಿಲರೇಟರು ಒತ್ತಿ ಒತ್ತಿ ಜಡ್ಡುಗಟ್ಟಿದ ಜಾಗಕ್ಕೆ
ಒಂದೊಂದೇ ಎಸಳು ತಾಗಿ
ಬಾಗಿತು.

"ಬೂವಬ್ಬ!"
ಬಾಗಿಲಲ್ಲಿ ಮಾಮಾ. ಮುಸುಕಿನೊಳಗೆ
ನಗುತ್ತಿದ್ದರೋ ಇಲ್ಲವೋ ಕಾಣಲಿಲ್ಲ.
"ಅದು ಕೋಳಿಗೆ. ಇನ್ನೊಮ್ಮೆ ತೊಳೆ.
ನಿನ್ನ ಕಾಲೆಲ್ಲ ಪೆಟ್ರೋಲು."

ಸುರುಳಿ ಸುತ್ತಿ ತಂದು ಖರ್ಜೂರದ ನೆರಳಿಗೆ ಹಾಸಿದೆ.
ಕೋಳಿಗಳು ಓಡಿ ಬರಲಿಲ್ಲ, ಹಿಂದೆ ಸರಿದವು.
ಹುಟ್ಟಿದಾಗಿನಿಂದ ಮರಳು ಕೆದಕಿದವಕ್ಕೆ
ಇದು ಯಾವ ಪ್ರಾಣಿಯೋ.
ಕುತ್ತಿಗೆ ಬೋಳಾದ ಹೇಂಟೆಯೊಂದು
ಕತ್ತು ಓರೆ ಮಾಡಿ, ಒಂದೆಳೆ ಕಿತ್ತು, ಕೊಡವಿ,
ಬಿಸಾಕಿ ನನ್ನನ್ನು ನೋಡಿತು.
ಮತ್ತೆ ಎತ್ತಿಕೊಂಡಿತು. ಆಮೇಲೆ ನಡೆದದ್ದು
ತಿನ್ನುವುದಲ್ಲ, ಜಗಳ.

ಮೀನಿನ ವಾಸನೆ ಹೋಗಲು ಎರಡು ವಾರ ಹಿಡಿಯಿತು.
ಚಿಕ್ಕ ಮೊಮ್ಮಗ ಎರಡು ತಿಂದನಂತೆ.
ನನಗೂ ಒಂದು ಬಂತು, ಬೇಯಿಸಿದ್ದು,
ಕಾಗದದ ಚೂರಿನಲ್ಲಿ ಉಪ್ಪು ಕಟ್ಟಿ.

ಈಗ ಏಳು ಟ್ರೇ, ದಿನಕ್ಕೊಂದು.
ಶುಕ್ರವಾರದ್ದನ್ನು ಮಾತ್ರ ಮಾಮಾ ತಾವೇ ತೆಗೆಯುತ್ತಾರೆ,
ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತು.
ನಾನು ಹೊರಗೆ ಬಕೆಟ್ಟು ಬದಲಿಸುತ್ತಿರುತ್ತೇನೆ.
ಕೈಗೆ ಬಂದಾಗ ಟ್ರೇಯ ನಡುವೆ ಹುಲ್ಲು ಒರಗಿರುತ್ತದೆ,
ನನ್ನದಕ್ಕಿಂತ ಚಿಕ್ಕ ಜಾಗ.
ಏನೂ ಕೇಳುವುದಿಲ್ಲ.
ಅದನ್ನೂ ಇನ್ನೊಮ್ಮೆ ತೊಳೆಯುತ್ತೇನೆ.